ಉಸಿರೆಳೆಯದ ಮೇಳ

ಉಸಿರು ಕತ್ತರಿಸುವುದು ನನ್ನ ಕೆಲಸ. ಹೀಗೆಂದರೆ ಎದುರಿಗಿದ್ದವರು ಒಂದು ಗಳಿಗೆ ಗಾಬರಿಯಾಗುತ್ತಾರೆ, ಆಮೇಲೆ ವಿವರಿಸಬೇಕಾಗುತ್ತದೆ. ಕೇಳುಪುಸ್ತಕಗಳ ಧ್ವನಿಮುದ್ರಣವನ್ನು ತಿದ್ದುವವಳು ನಾನು. ಓದುವವರು ಕಾದಂಬರಿಯನ್ನು ಓದಿ ಮುಗಿಸಿ ಮನೆಗೆ ಹೋದ ಮೇಲೆ ಆ ಹತ್ತು ಹನ್ನೆರಡು ಗಂಟೆಗಳ ಧ್ವನಿ ನನ್ನ ಕಂಪ್ಯೂಟರಿಗೆ ಬರುತ್ತದೆ. ತೆರೆಯ ಮೇಲೆ ಮಾತು ಗುಡ್ಡಸಾಲಿನಂತೆ ಕಾಣುತ್ತದೆ. ಪ್ರತಿ ಗುಡ್ಡದ ಬುಡದಲ್ಲಿ ಒಂದು ಕುರುಚಲು ಪೊದೆ. ಆ ಪೊದೆಯೇ ಉಸಿರು. ಜೋರಾದ ಉಸಿರನ್ನು ತಗ್ಗಿಸಬೇಕು, ಅನವಶ್ಯಕವಾದುದನ್ನು ತೆಗೆಯಬೇಕು, ಪೂರ್ತಿ ತೆಗೆದರೆ ಮಾತು ಯಂತ್ರದ್ದಾಗುತ್ತದೆ, ಆದ್ದರಿಂದ ಅಲ್ಲಲ್ಲಿ ಉಳಿಸಬೇಕು. ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಈಗ ಯಾರೇ ಮಾತನಾಡಲಿ, ಹಾಡಲಿ, ನನಗೆ ಮೊದಲು ಕೇಳಿಸುವುದು ಅವರು ಗಾಳಿ ಎಳೆದುಕೊಳ್ಳುವ ಸದ್ದು. ಇದೊಂದು ರೋಗವೇ ಸರಿ.

ಹಾಗಾಗಿ 2014ರಲ್ಲಿ ತಮ್ಮನ ಒತ್ತಾಯಕ್ಕೆ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ಸಿನಿಮಾಕ್ಕೆ ಹೋದಾಗ ಅವನು ಆಕಾಶನೌಕೆಗಳಿಗೆ ಕಾಯುತ್ತಿದ್ದರೆ ನಾನು ಮೊದಲ ನಿಮಿಷದಲ್ಲಿಯೇ ಸಿಕ್ಕಿಬಿದ್ದೆ. ಆಸ್ಪತ್ರೆಯಲ್ಲಿ ಒಬ್ಬ ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದಾನೆ. ಅವನ ಟೇಪಿನಲ್ಲಿ ಒಂದು ಹಳೆಯ ಹಾಡು. ಹಿನ್ನೆಲೆಯಲ್ಲಿ ನೂರಾರು ಜನ 'ಆ' ಎನ್ನುತ್ತಿದ್ದಾರೆ, ಆದರೆ ಯಾರೂ ಉಸಿರೆಳೆಯುತ್ತಿಲ್ಲ.

ಸಿಂಥಸೈಜರ್ ಇರಬಹುದೇ ಎಂದುಕೊಂಡೆ. ಅಲ್ಲ. ಸಿಂಥಸೈಜರಿನ ಸ್ವರ ಗಾಜಿನ ಹಾಗೆ ನುಣುಪಾಗಿ ನಿಲ್ಲುತ್ತದೆ, ಇದು ಹಾಗಿರಲಿಲ್ಲ. ಸ್ವರದ ಅಂಚು ಮಂಜಿನಂತೆ ಕದಡುತ್ತಿತ್ತು. ಒಬ್ಬರ ಶ್ರುತಿ ಕೂದಲೆಳೆಯಷ್ಟು ಮೇಲೆ, ಇನ್ನೊಬ್ಬರದು ಅಷ್ಟೇ ಕೆಳಗೆ. ಆ ತಿಕ್ಕಾಟದಿಂದಲೇ ಹುಟ್ಟುವ ಹೊಳಪು ಅದು. ನಾಲ್ಕು ತಂಬೂರಿಗಳನ್ನು ಒಟ್ಟಿಗೆ ಮೀಟಿದಾಗ ಸಿಗುವಂಥದ್ದು. ಅಂದರೆ ಹಾಡುತ್ತಿರುವವರು ಮನುಷ್ಯರೇ. ಹಾಗಾದರೆ ಉಸಿರು ಎಲ್ಲಿ ಹೋಯಿತು? ಸಿನಿಮಾ ಮುಂದೆ ಏನಾಯಿತೋ ನನಗೆ ಅಷ್ಟಾಗಿ ನೆನಪಿಲ್ಲ.

ಹಾಡು 'ಐಯಾಮ್ ನಾಟ್ ಇನ್ ಲವ್'. ಇಂಗ್ಲೆಂಡಿನ 'ಟೆನ್ ಸಿಸಿ' ತಂಡದ್ದು, 1975ರದ್ದು. ರೆಕಾರ್ಡಿನ ಮೇಲೆ ಬರೆದವರ ಜಾಗದಲ್ಲಿ ಎರಡೇ ಹೆಸರು: ಎರಿಕ್ ಸ್ಟೂವರ್ಟ್, ಗ್ರಹಾಂ ಗೋಲ್ಡ್‌ಮನ್. ಈ ಎರಡು ಹೆಸರುಗಳಿಗೂ ನನ್ನ ಕಿವಿಗೆ ಬಿದ್ದ ಸದ್ದಿಗೂ ಏನು ಸಂಬಂಧ ಎಂದು ಹುಡುಕುತ್ತಾ ಹೋದವಳಿಗೆ ಆ ಸಾಲಿನ ಆಚೆ ನಿಂತಿರುವ ಇನ್ನೂ ಮೂವರು ಸಿಕ್ಕರು. ಈ ಬರಹ ಬಹುಪಾಲು ಅವರ ಬಗ್ಗೆ.

ತಂಡದಲ್ಲಿ ಇದ್ದವರು ನಾಲ್ವರು. ಗೋಲ್ಡ್‌ಮನ್ ಆಗಲೇ ಹೆಸರಾದ ಹಾಡುಬರಹಗಾರ. ಅರವತ್ತರ ದಶಕದಲ್ಲಿ ಯಾರ್ಡ್‌ಬರ್ಡ್ಸ್ ತಂಡಕ್ಕೆ 'ಫಾರ್ ಯುವರ್ ಲವ್', ಹಾಲೀಸ್ ತಂಡಕ್ಕೆ 'ಬಸ್ ಸ್ಟಾಪ್' ಬರೆದುಕೊಟ್ಟವನು. ಸ್ಟೂವರ್ಟ್ ಮೈಂಡ್‌ಬೆಂಡರ್ಸ್ ತಂಡದಲ್ಲಿ ಹಾಡುತ್ತಿದ್ದವನು, ಮೇಲಾಗಿ ಧ್ವನಿಮುದ್ರಣದ ಹುಚ್ಚಿದ್ದವನು. ಉಳಿದಿಬ್ಬರು, ಕೆವಿನ್ ಗಾಡ್ಲಿ ಮತ್ತು ಲಾಲ್ ಕ್ರೀಮ್, ಚಿತ್ರಕಲೆ ಓದಿ ಬಂದವರು. ಮೊದಲಿಬ್ಬರಿಗೆ ಹಾಡು ಚೆನ್ನಾಗಿರಬೇಕು. ಕೊನೆಯಿಬ್ಬರಿಗೆ ಹಾಡು ಹಿಂದೆಂದೂ ಕೇಳದಂತಿರಬೇಕು. ಇವರು ಒಂದೇ ಕೋಣೆಯಲ್ಲಿ ಹೇಗೆ ನಾಲ್ಕು ವರ್ಷ ಬಾಳಿದರೋ.

ಆ ಕೋಣೆ ಅವರದೇ ಆಗಿತ್ತು ಎಂಬುದನ್ನು ಮರೆಯಬಾರದು. ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್ ಎಂಬ, ಒಂದು ಕಾಲಕ್ಕೆ ಟೋಪಿ ತಯಾರಿಕೆಗೆ ಹೆಸರಾಗಿದ್ದ ಊರಿನಲ್ಲಿ ಸ್ಟ್ರಾಬೆರಿ ಸ್ಟುಡಿಯೊ ಇತ್ತು. ಸ್ಟೂವರ್ಟ್ ಅದರ ಪಾಲುದಾರ. ಬೀಟಲ್ಸ್ ಹಾಡೊಂದರ ಮೇಲಿನ ಪ್ರೀತಿಗೆ ಆ ಹೆಸರಿಟ್ಟಿದ್ದ. ಲಂಡನ್ನಿನ ಸ್ಟುಡಿಯೊ ಆಗಿದ್ದರೆ ಗಂಟೆಗಿಷ್ಟು ಎಂದು ಮೀಟರ್ ಓಡುತ್ತಿತ್ತು. ಮೂರು ವಾರ ಬರೀ 'ಆ' ಎನ್ನುತ್ತಾ ಕೂರಲು ಯಾವ ಕಂಪನಿಯೂ ಹಣ ಕೊಡುತ್ತಿರಲಿಲ್ಲ. ಸ್ವಂತ ಮನೆಯಲ್ಲಿ ಮಕ್ಕಳು ಗೋಡೆಯ ಮೇಲೆ ಗೀಚುವ ಹಾಗೆ ಇವರು ತಮ್ಮದೇ ಟೇಪಿನ ಮೇಲೆ ಗೀಚಿದರು.

ಹಾಡು ಹುಟ್ಟಿದ್ದು ಗಂಡ ಹೆಂಡತಿಯ ಮಾತಿನಿಂದ. ನೀನು ನನ್ನನ್ನು ಪ್ರೀತಿಸುತ್ತೇನೆ ಎಂದು ಬಾಯಿಬಿಟ್ಟು ಹೇಳುವುದೇ ಇಲ್ಲ ಎಂದು ಸ್ಟೂವರ್ಟ್‌ನ ಹೆಂಡತಿ ದೂರಿದಳು. ದಿನಾ ಹೇಳುತ್ತಿದ್ದರೆ ಮಾತು ಸವೆದುಹೋಗುತ್ತದೆ ಎಂಬುದು ಅವನ ವಾದ. ಹಾಗಾದರೆ ಅದನ್ನು ಹೇಳದೆ ಹೇಳುವುದು ಹೇಗೆ? ನಾನು ಪ್ರೀತಿಸುತ್ತಿಲ್ಲ ಎಂದೇ ಶುರುಮಾಡಿ, ಅದಕ್ಕೆ ಒಂದೊಂದಾಗಿ ಸಾಕ್ಷಿ ಕೊಡುತ್ತಾ ಹೋದ. ಪ್ರತಿ ಸಾಕ್ಷಿಯೂ ಅವನನ್ನೇ ಹಿಡಿದುಕೊಡುತ್ತದೆ. ಅವಳ ಚಿತ್ರವನ್ನು ಗೋಡೆಗೆ ಹಾಕಿರುವುದು ಪ್ರೀತಿಗಲ್ಲ, ಅಲ್ಲಿರುವ ಕಲೆಯನ್ನು ಮುಚ್ಚಲು, ಎನ್ನುತ್ತಾನೆ ಹಾಡಿನೊಳಗಿನ ಗಂಡಸು. ತಂದೆತಾಯಿಯ ಮನೆಯಲ್ಲಿ ಸ್ಟೂವರ್ಟ್ ಮಲಗುತ್ತಿದ್ದ ಕೋಣೆಯ ಗೋಡೆಯಲ್ಲಿ ನಿಜಕ್ಕೂ ಒಂದು ಬಿರುಕಿತ್ತು, ಅದರ ಮೇಲೆ ಅವಳ ಫೋಟೊ ಇತ್ತು. ನಿಂದಾಸ್ತುತಿ ಕೇಳಿ ಬೆಳೆದ ನಮಗೆ ಈ ವರಸೆ ಹೊಸದೇನಲ್ಲ. ದಾಸರು ದೇವರನ್ನು ಬೈಯುವಾಗ ಯಾರಾದರೂ ಅದನ್ನು ಬೈಗುಳ ಎಂದು ತಿಳಿದಿದ್ದಾರೆಯೇ?

ಸ್ಟೂವರ್ಟ್ ಮತ್ತು ಗೋಲ್ಡ್‌ಮನ್ ಗಿಟಾರ್ ಹಿಡಿದು ಹಾಡನ್ನು ಪೂರ್ತಿ ಮಾಡಿದರು. ಮೊದಲು ಅದಕ್ಕೆ ಕೊಟ್ಟದ್ದು ಬೊಸಾನೋವಾ ನಡೆ. ಬ್ರೆಜಿಲ್‌ನ ಆ ತೂಗುವ ಲಯ. ನಾಲ್ವರೂ ಸೇರಿ ಹಾಗೆ ಮುದ್ರಿಸಿಯೂ ಆಯಿತು. ಗಾಡ್ಲಿಗೆ ಹಿಡಿಸಲಿಲ್ಲ, ಕ್ರೀಮ್‌ಗೂ ಹಿಡಿಸಲಿಲ್ಲ. ಹಾಡನ್ನು ಕೈಬಿಟ್ಟರು, ಸಾಲದೆಂಬಂತೆ ಟೇಪನ್ನೂ ಅಳಿಸಿಬಿಟ್ಟರು. ಕೆಮ್ಮು, ತೊದಲು, ನಗುವನ್ನೆಲ್ಲ ಬೇರೆ ಕಡತದಲ್ಲಿ ತೆಗೆದಿಟ್ಟುಕೊಳ್ಳುವ ನನ್ನಂಥವಳಿಗೆ ಇದನ್ನು ಓದುವಾಗ ಹೊಟ್ಟೆ ಚುರ್ ಎಂದಿತು. ಆ ಬೊಸಾನೋವಾ ಇನ್ನು ಯಾರ ಕಿವಿಗೂ ಬೀಳುವುದಿಲ್ಲ.

ಹಾಡು ಮಾತ್ರ ಹೋಗಲಿಲ್ಲ. ಸ್ಟುಡಿಯೊದ ಕೆಲಸಗಾರರು ಓಡಾಡುತ್ತಾ ಆ ಧಾಟಿಯನ್ನು ಗುನುಗುತ್ತಿದ್ದುದು ಸ್ಟೂವರ್ಟ್‌ನ ಕಿವಿಗೆ ಬಿತ್ತು. ಅವನು ಮತ್ತೆ ಮಾತು ತೆಗೆದ. ಬೇಡ ಎಂದಿದ್ದ ಗಾಡ್ಲಿಯೇ ಈಗ ಒಂದು ಷರತ್ತು ಹಾಕಿದ: ಮಾಡುವುದಾದರೆ ಯಾರೂ ಮಾಡದ ಹಾಗೆ ಮಾಡೋಣ, ವಾದ್ಯಗಳ ಬದಲು ಬರೀ ಕಂಠಗಳಿಂದ ಕಟ್ಟೋಣ.

ತಗಾದೆ ತೆಗೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ಗೌರವ. ಎಲ್ಲರೂ ಚೆನ್ನಾಗಿದೆ ಎಂದಾಗ ಮೂಗು ಮುರಿಯುವ ಒಬ್ಬ ಇಲ್ಲದಿದ್ದರೆ ಈ ಹಾಡು ಒಂದು ಸಾಧಾರಣ ಬೊಸಾನೋವಾ ಆಗಿ ತಂಡದ ಆಲ್ಬಮ್ಮಿನ ಎರಡನೆಯ ಬದಿಯಲ್ಲಿ ಎಲ್ಲೋ ಬಿದ್ದಿರುತ್ತಿತ್ತು. ಆದರೆ ಮೂಗು ಮುರಿದದ್ದಕ್ಕೆ ಯಾವ ರೆಕಾರ್ಡಿನ ಮೇಲೂ ಹೆಸರು ಹಾಕುವ ಪದ್ಧತಿ ಇಲ್ಲ.

ಈಗ ನನ್ನ ಪ್ರಶ್ನೆಗೆ ಬರೋಣ. ಕಂಠಗಳಿಂದ ಕಟ್ಟುವುದೇನೋ ಸರಿ, ಕಂಠಕ್ಕೆ ಉಸಿರು ಬೇಕಲ್ಲ. ಎಂಥ ಗಟ್ಟಿ ಗಾಯಕನೂ ಒಂದು ಸ್ವರವನ್ನು ಆರು ನಿಮಿಷ ಹಿಡಿಯಲಾರ. ಆ ಕಾಲಕ್ಕೆ ಮೆಲೊಟ್ರಾನ್ ಎಂಬ ವಾದ್ಯವಿತ್ತು. ಹಾರ್ಮೋನಿಯಮ್ಮಿನಂಥ ಅದರ ಒಂದೊಂದು ಮನೆಯ ಕೆಳಗೂ ಮುದ್ರಿತ ಧ್ವನಿಯ ಒಂದೊಂದು ಟೇಪಿನ ಪಟ್ಟಿ, ಮನೆ ಒತ್ತಿದರೆ ಅದು ಓಡುತ್ತದೆ. ಆದರೆ ಸುಮಾರು ಎಂಟು ಸೆಕೆಂಡಿಗೆ ಪಟ್ಟಿ ಮುಗಿಯುತ್ತದೆ, ಬೆರಳೆತ್ತಿ ಮತ್ತೆ ಒತ್ತಬೇಕು. ಅಂದರೆ ಮೆಲೊಟ್ರಾನಿಗೂ ಒಂದು ಬಗೆಯ ಉಸಿರುಂಟು. ಲಾಲ್ ಕ್ರೀಮ್ ಹೇಳಿದ ಉಪಾಯ ಇದಕ್ಕಿಂತ ಸರಳ: ಟೇಪಿನ ತಲೆಗೆ ಅದರದೇ ಬಾಲವನ್ನು ಅಂಟಿಸಿದರೆ ಮುಗಿಯುವ ಮಾತೇ ಇಲ್ಲ.

ಹಾಗೆಂದು ಕೆಲಸ ಸರಳವಾಗಿರಲಿಲ್ಲ. ಗಾಡ್ಲಿ, ಕ್ರೀಮ್, ಗೋಲ್ಡ್‌ಮನ್ ಮೂವರೂ ಮೈಕಿನ ಮುಂದೆ ನಿಂತರು, ಸ್ಟೂವರ್ಟ್ ಯಂತ್ರದ ಮುಂದೆ ಕುಳಿತ. ಒಂದು ಸ್ವರವನ್ನು ಮೂವರೂ ಸೇರಿ 'ಆ' ಎಂದು ಹಾಡುವುದು. ಅದೇ ಸ್ವರವನ್ನು ಹದಿನಾರು ಸಲ ಒಂದರ ಮೇಲೊಂದು ಮುದ್ರಿಸುವುದು. ಮೂರು ಹದಿನಾರಲೆ ನಲವತ್ತೆಂಟು. ಒಂದು ಸ್ವರಕ್ಕೆ 48 ಕಂಠ. ಆಮೇಲೆ ಮುಂದಿನ ಸ್ವರ. ಹೀಗೆ ಸ್ಥಾಯಿಯ ಹನ್ನೆರಡೂ ಸ್ವರಸ್ಥಾನಗಳಿಗೆ, ಮೂರು ವಾರ.

ಈ ಹಾಡಿನಲ್ಲಿ 256 ಕಂಠಗಳಿವೆ ಎಂದು ಎಷ್ಟೋ ಕಡೆ ಓದಿದ್ದೆ. ದಿನಸಿ ಚೀಟಿಯ ಹಿಂದೆ ಗುಣಿಸಿ ನೋಡಿದೆ. ಹನ್ನೆರಡನ್ನು ನಲವತ್ತೆಂಟರಿಂದ ಗುಣಿಸಿದರೆ 576. ಮೇಲಿನ ಸ್ಥಾಯಿಯ ಷಡ್ಜವನ್ನೂ ಸೇರಿಸಿಕೊಂಡು ಹದಿಮೂರು ಮಾಡಿದರೆ 624. ಈ ಸಂಖ್ಯೆಯೂ ಚಾಲ್ತಿಯಲ್ಲಿದೆ. 256 ಎಲ್ಲಿಂದ ಬಂತೋ ನನ್ನ ಚೀಟಿಗೆ ಹೊಳೆಯಲಿಲ್ಲ. ಹದಿನಾರು ಹದಿನಾರಲೆ 256 ಎಂಬುದಷ್ಟೇ ಗುಮಾನಿ. ಯಾವುದೇ ಲೆಕ್ಕ ಹಿಡಿದರೂ ಬಾಯಿ ತೆರೆದವರು ಮೂವರೇ.

ಮುಂದೆ ಅಂಟಿಸುವ ಕೆಲಸ. ಒಂದೊಂದು ಟೇಪಿನ ಸುತ್ತೂ ಸುಮಾರು 12 ಅಡಿ ಉದ್ದ. ಅಷ್ಟುದ್ದದ ಸುತ್ತು ಟೇಪ್ ರೆಕಾರ್ಡರಿನ ಮೇಲೆ ಹಿಡಿಸುವುದಿಲ್ಲ. ಅದಕ್ಕೆ ಒಂದು ತುದಿಯನ್ನು ಯಂತ್ರದಲ್ಲಿ ಟೇಪನ್ನು ಓದುವ ಹೆಡ್ಡಿನ ಮೂಲಕ ಹಾಯಿಸಿ, ಇನ್ನೊಂದು ತುದಿಯನ್ನು ದೂರದಲ್ಲಿ ನಿಲ್ಲಿಸಿದ ಮೈಕ್ ಸ್ಟ್ಯಾಂಡಿನ ತಲೆಗೆ ಕೂರಿಸಿದ ಉರುಳೆಯ ಸುತ್ತ ತಂದು ಬಿಗಿ ಮಾಡಿದರು. ಕೋಣೆಯೊಳಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ಆ ಹಗ್ಗವೇ ಓಡುತ್ತಿದೆ ಎಂದು ಊಹಿಸಿಕೊಳ್ಳಿ. ಅಂಟಿಸಿದ ಜಾಗ ಹೆಡ್ಡಿನ ಮೇಲೆ ಹಾದಾಗ 'ಟಿಕ್' ಎಂಬ ಸಣ್ಣ ಸದ್ದು ಬರುತ್ತದೆ. ಸುತ್ತು ಉದ್ದವಾದಷ್ಟೂ ಟಿಕ್ ಅಪರೂಪವಾಗುತ್ತದೆ. ಸೆಕೆಂಡಿಗೆ 15 ಅಂಗುಲದ ವೇಗ ಹಿಡಿದರೆ 12 ಅಡಿಯ ಸುತ್ತು ಒಂದು ಪ್ರದಕ್ಷಿಣೆ ಬರಲು ಹತ್ತು ಸೆಕೆಂಡಿಗೆ ತುಸು ಕಡಿಮೆ. ಎಲ್ಲ ಸುತ್ತುಗಳ ಅಂಟು ಒಂದೇ ಕ್ಷಣಕ್ಕೆ ಬಾರದಂತೆ ನೋಡಿಕೊಂಡರೆ ಉಳಿದ ಸಂಗೀತದಲ್ಲಿ ಅದು ಮುಳುಗಿಹೋಗುತ್ತದೆ.

ಇಲ್ಲಿಯವರೆಗಿನದು ತಾಳ್ಮೆಯ ಕೆಲಸ. ಪ್ರತಿಭೆ ಎಂದು ನಾನು ಕರೆಯುವುದು ಇನ್ನು ಮುಂದಿನದನ್ನು. ಒಂದೊಂದು ಸ್ವರವನ್ನೂ ಮಿಕ್ಸಿಂಗ್ ಡೆಸ್ಕಿನ ಒಂದೊಂದು ಫೇಡರಿಗೆ, ಅಂದರೆ ಸದ್ದನ್ನು ಏರಿಸಿ ಇಳಿಸುವ ಜಾರುಗುಂಡಿಗೆ, ಕೊಟ್ಟರು. ಎಲ್ಲ ಸ್ವರಗಳೂ ಸದಾ ಓಡುತ್ತಲೇ ಇವೆ. ಯಾವ ಫೇಡರ್ ಮೇಲೆತ್ತುತ್ತೀರೋ ಆ ಸ್ವರ ಕೇಳಿಸುತ್ತದೆ. ಮೂರು ನಾಲ್ಕು ಎತ್ತಿದರೆ ಒಂದು ಕಾರ್ಡ್, ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು. ಧ್ವನಿ ಬೆರೆಸುವ ಮೇಜೇ ವಾದ್ಯವಾಯಿತು. ನಾಲ್ವರೂ ಅದರ ಮುಂದೆ ಸಾಲಾಗಿ ನಿಂತು, ಹಾಡಿನ ನಡೆಗೆ ತಕ್ಕಂತೆ ತಮ್ಮ ಪಾಲಿನ ಫೇಡರುಗಳನ್ನು ಏರಿಸುತ್ತಾ ಇಳಿಸುತ್ತಾ ಅದನ್ನು ನುಡಿಸಿದರು. ಹಾಡಿನಲ್ಲಿ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಹೆಜ್ಜೆ ಕೇಳಿಸುವುದಿಲ್ಲ, ಒಂದು ಕರಗುತ್ತಾ ಇನ್ನೊಂದು ಮೂಡುತ್ತದೆ. ಕಾರಣ ಇದೇ. ಪಿಯಾನೊದ ಮನೆಯನ್ನು ಬೆರಳು ಒತ್ತುತ್ತದೆ; ಫೇಡರನ್ನು ಬೆರಳು ಜಾರಿಸುತ್ತದೆ.

ಇನ್ನೊಂದು ಕಿಡಿಗೇಡಿತನವನ್ನೂ ಮಾಡಿದರು. ಪ್ರತಿ ಫೇಡರಿನ ದಾರಿಯ ಬುಡಕ್ಕೆ ಅಂಟುಪಟ್ಟಿ ಹಚ್ಚಿದರು, ಅದು ಪೂರ್ತಿ ಕೆಳಗಿಳಿಯದಂತೆ. ಹಾಗಾಗಿ ಯಾವ ಸ್ವರವೂ ಯಾವತ್ತೂ ಪೂರಾ ಸುಮ್ಮನಾಗುವುದಿಲ್ಲ. ಹಾಡಿನ ಉದ್ದಕ್ಕೂ ಹನ್ನೆರಡೂ ಸ್ವರಗಳು ಒಟ್ಟಿಗೆ ಪಿಸುಗುಡುತ್ತಿರುತ್ತವೆ. ಹೆಡ್‌ಫೋನ್ ಹಾಕಿಕೊಂಡು ಮೊದಲ ಕೆಲವು ಸೆಕೆಂಡುಗಳನ್ನು ಕೇಳಿ: ಹಿಂದೆ ಮಳೆ ಬರುತ್ತಿದೆಯೋ, ಟೇಪು ಸವೆದಿದೆಯೋ ಎಂಬಂಥ ಒಂದು 'ಹಿಸ್'. ಅದು ಮಳೆಯಲ್ಲ, ಜನ. ನಮ್ಮ ಕಸುಬಿನಲ್ಲಿ ಖಾಲಿ ಕೋಣೆಯ ಮೌನವನ್ನು ಅರ್ಧ ನಿಮಿಷ ಮುದ್ರಿಸಿಟ್ಟುಕೊಂಡು, ಕತ್ತರಿಸಿದ ಜಾಗಗಳಿಗೆಲ್ಲ ತುಂಬುತ್ತೇವೆ. ಬರೀ ನಿಶ್ಶಬ್ದವನ್ನು ಇಟ್ಟರೆ ಕೇಳುಗರಿಗೆ ಗುಂಡಿಗೆ ಬಿದ್ದ ಹಾಗಾಗುತ್ತದೆ. ಈ ಹಾಡಿನಲ್ಲಿ ಖಾಲಿ ಕೋಣೆಯ ಮೌನವೇ ನೂರಾರು ಕಂಠಗಳದ್ದು!

ಕಾರ್ಡುಗಳ ಬಗ್ಗೆ ತಮ್ಮನ ಹತ್ತಿರ ಕೇಳಿದೆ. ಅವನು ಗಿಟಾರ್ ನುಡಿಸುತ್ತಾನೆ, ನಾನು ಚಿಕ್ಕವಳಿದ್ದಾಗ ವರ್ಣದವರೆಗೆ ಸಂಗೀತ ಕಲಿತು ಬಿಟ್ಟವಳು. ಅವನ ಭಾಷೆ ಎ ಮೇಜರ್, ಎ ಮೈನರ್, ನನ್ನದು ಸರಿಗಮ. ಹಾಡು ಇ ಮೇಜರ್‌ನಲ್ಲಿದೆ, ಅಂದರೆ ಇ ಸ್ವರವನ್ನು ಷಡ್ಜವೆಂದು ಇಟ್ಟುಕೊಳ್ಳಬಹುದು. ಪಲ್ಲವಿಯ ಮೊದಲ ಸಾಲು ಷಡ್ಜದ ಮೇಲೆ ನಿಲ್ಲದೆ ಮಧ್ಯಮದ ಕಾರ್ಡಿನಿಂದ ಹೊರಡುತ್ತದೆ: ಎ ಮೇಜರ್, ಅದು ಎ ಮೈನರ್ ಆಗುತ್ತದೆ, ಆಮೇಲೆ ಜಿ ಶಾರ್ಪ್ ಮೈನರ್, ಜಿ ಶಾರ್ಪ್ ಸೆವೆಂತ್, ಸಿ ಶಾರ್ಪ್ ಮೈನರ್. ಅವನು ಗಿಟಾರಿನಲ್ಲಿ ನುಡಿಸುತ್ತಾ ಹೋದ, ನಾನು ಒಳಗಿನ ಸ್ವರಗಳನ್ನು ಬರೆದುಕೊಳ್ಳುತ್ತಾ ಹೋದೆ. ಮೊದಲ ಕಾರ್ಡಿನಲ್ಲಿ ಮಧ್ಯಮ, ಚತುಃಶ್ರುತಿ ಧೈವತ, ಷಡ್ಜ. ಎರಡನೆಯದರಲ್ಲಿ ಎಲ್ಲವೂ ಅದೇ, ಧೈವತ ಮಾತ್ರ ಶುದ್ಧ ಧೈವತಕ್ಕೆ ಇಳಿಯುತ್ತದೆ. ಮೂರನೆಯದರಲ್ಲಿ ಅದು ಇನ್ನೂ ಒಂದು ಮೆಟ್ಟಿಲು ಇಳಿದು ಪಂಚಮ. ನಾಲ್ಕನೆಯದರಲ್ಲಿ ಮತ್ತೆ ಶುದ್ಧ ಧೈವತ. ಐದನೆಯದರಲ್ಲಿ ಹೊರಟಲ್ಲಿಗೇ, ಚತುಃಶ್ರುತಿ ಧೈವತಕ್ಕೆ ವಾಪಸ್ಸು.

"ನೋಡು, ಇದೊಂದು ಎಳೆ ಎರಡು ಮೆಟ್ಟಿಲು ಇಳಿದು ಮತ್ತೆ ಹತ್ತಿ ಬರುತ್ತಿದೆ" ಎಂದೆ.

"ಅಕ್ಕ, ಹಾಡಿನಲ್ಲಿ ಅವನು ಹೇಳುತ್ತಿರುವುದೂ ಅದನ್ನೇ ಅಲ್ಲವೇ? ಹೋಗುತ್ತೇನೆ ಎಂದು ಎರಡು ಮೆಟ್ಟಿಲು ಇಳಿಯುತ್ತಾನೆ, ಹೋಗುವುದಿಲ್ಲ" ಎಂದ ತಮ್ಮ.

ಇಪ್ಪತ್ತು ವರ್ಷ ಅವನ ಗಿಟಾರನ್ನು ಸಹಿಸಿಕೊಂಡದ್ದಕ್ಕೆ ಆ ಒಂದು ಮಾತು ಸಾಕಾಯಿತು. ಇದು ಸ್ಟೂವರ್ಟ್ ಮತ್ತು ಗೋಲ್ಡ್‌ಮನ್ ಅವರ ಕೈಕೆಲಸ. ಆ ಎರಡು ಹೆಸರುಗಳು ರೆಕಾರ್ಡಿನ ಮೇಲೆ ಸುಮ್ಮನೆ ಇಲ್ಲ ಎಂದು ನಾನು ಒಪ್ಪಿಕೊಂಡದ್ದು ಅವತ್ತು. ಗಿಟಾರಿನಲ್ಲಿ ಹುಟ್ಟಿದ ಆ ಇಳಿಜಾರು ಇಲ್ಲದಿದ್ದರೆ ಫೇಡರುಗಳಿಗೆ ಜಾರಲು ದಾರಿಯೇ ಇರುತ್ತಿರಲಿಲ್ಲ.

ಉಳಿದ ವಾದ್ಯಗಳು ತೀರಾ ಕಡಿಮೆ. ಸ್ಟೂವರ್ಟ್‌ನ ಫೆಂಡರ್ ರೋಡ್ಸ್ ವಿದ್ಯುತ್ ಪಿಯಾನೊ, ಗೋಲ್ಡ್‌ಮನ್‌ನ ಗಿಟಾರ್. ಡ್ರಮ್ ಸೆಟ್ ಇಲ್ಲ. ಅದರ ಜಾಗದಲ್ಲಿ ಗಾಡ್ಲಿ ಮೂಗ್ ಸಿಂಥಸೈಜರಿನಿಂದ ಹೊರಡಿಸಿದ 'ಧುಬ್ ಧುಬ್' ಎಂಬ ಮಂದ ಪೆಟ್ಟು; ಡ್ರಮ್ಮಿಗಿಂತ ಹೆಚ್ಚಾಗಿ ಎದೆಬಡಿತವೇ. ನಡುವೆ ಒಂದು ಕಡೆ ಬಾಸ್ ಗಿಟಾರ್ ಮುಂದೆ ಬರುತ್ತದೆ, ಪಿಯಾನೊ ಬರುತ್ತದೆ, ಕೊನೆಯ ಹೊತ್ತಿಗೆ ಮಕ್ಕಳ ಆಟದ ಸಂಗೀತಪೆಟ್ಟಿಗೆಯೊಂದು ಕಿಣಿಕಿಣಿ ಎನ್ನುತ್ತದೆ. ಆ ಸಂಗೀತಪೆಟ್ಟಿಗೆ ನನಗೆ ಅಷ್ಟು ಇಷ್ಟವಿಲ್ಲ. ಪಾಯಸಕ್ಕೆ ಮತ್ತೆ ಸಕ್ಕರೆ ಉದುರಿಸಿದ ಹಾಗೆ. ಸ್ಟೂವರ್ಟ್‌ನ ಹಾಡುಗಾರಿಕೆ ಮಾತ್ರ ಸರಿಯಾದ ಹದದಲ್ಲಿದೆ. ಅಷ್ಟು ದೊಡ್ಡ ಮೇಳದ ಮುಂದೆ ನಿಂತು ಅವನು ದನಿ ಏರಿಸುವುದೇ ಇಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ ಹಾಡುತ್ತಾನೆ.

ಹಾಡಿನ ನಡುಭಾಗಕ್ಕೆ ಏನೋ ಒಂದು ಬೇಕಿತ್ತು. ಪಿಯಾನೊ ಮುದ್ರಿಸುವಾಗ ಕ್ರೀಮ್ ಅದರ ಮೈಕಿಗೆ ತಮಾಷೆಗೆ ಒಂದು ಮಾತು ಹೇಳಿದ್ದ: ಸುಮ್ಮನಿರು, ದೊಡ್ಡ ಹುಡುಗರು ಅಳುವುದಿಲ್ಲ, ಎಂಬರ್ಥದ್ದು. ಮಾತೇನೋ ಚೆನ್ನಾಗಿತ್ತು, ಆದರೆ ಯಾರ ದನಿಯಲ್ಲಿ? ಹಾಗೆ ಯೋಚಿಸುತ್ತಿರುವಾಗ ಬಾಗಿಲು ಸ್ವಲ್ಪವೇ ತೆರೆಯಿತು. ಸ್ಟುಡಿಯೊದ ಸ್ವಾಗತಕಾರಿಣಿ ಕ್ಯಾಥಿ ರೆಡ್‌ಫರ್ನ್, ಮುದ್ರಣಕ್ಕೆ ತೊಂದರೆಯಾಗಬಾರದೆಂದು ಪಿಸುದನಿಯಲ್ಲಿ, ಎರಿಕ್‌ಗೆ ಫೋನ್ ಬಂದಿದೆ ಎಂದಳು. ಇದೇ ದನಿ ಎಂದು ಕ್ರೀಮ್ ಹಿಡಿದುಕೊಂಡ. ಅವಳು ಹಿಂಜರಿದಳು, ಇವರು ಬಿಡಲಿಲ್ಲ. ಆ ಒಂದು ವಾಕ್ಯವನ್ನು ಅವಳು ಮೈಕಿಗೆ ಪಿಸುಗುಟ್ಟಿದಳು. ಆ ಫೋನು ಯಾರದ್ದಾಗಿತ್ತೋ, ಎರಿಕ್ ಕೊನೆಗೂ ಅದನ್ನು ತೆಗೆದುಕೊಂಡನೋ ಇಲ್ಲವೋ ಎಂಬ ಚಿಂತೆ ನನಗೆ.

ಪಿಸುಮಾತು ಎಂದರೇನು? ಗಂಟಲ ತಂತುಗಳು ಕಂಪಿಸದೆ, ಬರೀ ಗಾಳಿ ಅಕ್ಷರಗಳ ಆಕಾರ ತಳೆದು ಹೊರಬರುವುದು. ಕಂಪ್ಯೂಟರಿನಲ್ಲಿ ಆ ಭಾಗವನ್ನು ಹಿಗ್ಗಿಸಿ ನೋಡಿದೆ. ಗುಡ್ಡಗಳಿಲ್ಲ, ಎಲ್ಲವೂ ಕುರುಚಲು ಪೊದೆ. ಉಸಿರನ್ನೇ ತೆಗೆದುಹಾಕಿದ ನೂರಾರು ಕಂಠಗಳ ನಡುವೆ, ಉಸಿರಲ್ಲದೆ ಬೇರೇನೂ ಇಲ್ಲದ ಒಂದು ದನಿ. ಈ ಹಾಡು ಕೇಳಿದಾಗಲೆಲ್ಲ ಆ ಜಾಗದಲ್ಲಿ ನನ್ನ ರೋಮ ಏಕೆ ನಿಲ್ಲುತ್ತಿತ್ತು ಎಂದು ಗೊತ್ತಾದದ್ದು ಆಗ. ಅಷ್ಟು ಹೊತ್ತಿನಿಂದ ಯಾರೂ ಉಸಿರಾಡದ ಕೋಣೆಯಲ್ಲಿ ಕಿವಿಯ ಪಕ್ಕಕ್ಕೇ ಒಬ್ಬರು ಬಂದು ನಿಂತ ಹಾಗೆ.

ಹಾಗಾದರೆ ಈ ಹಾಡು ಮಾಡಿದವರು ಯಾರು ಎಂದು ತಮ್ಮನೊಂದಿಗೆ ಎರಡು ಸಂಜೆ ವಾದ ಮಾಡಿದ್ದೇನೆ. ಅವನ ಪಕ್ಷ: ಬರೆದವನದೇ ಹಾಡು, ಗಿಟಾರ್ ಒಂದರ ಮೇಲೆ ನುಡಿಸಿದರೂ ಅದು ಅದೇ ಹಾಡಾಗಿ ಉಳಿಯುತ್ತದೆ, ಮೇಳವಿಲ್ಲದೆಯೂ ಉಳಿಯುತ್ತದೆ. ನಾನು ಹೇಳಿದೆ, ಹಾಗೆ ಉಳಿದದ್ದನ್ನೇ ಅಲ್ಲವೇ ಅವರು ಮೊದಲ ಸಲ ಅಳಿಸಿಹಾಕಿದ್ದು? ಅದೇ ಮಾತು, ಅದೇ ಕಾರ್ಡು, ಆದರೂ ಬೇಡವಾಗಿತ್ತು. ಬೇಕೆನಿಸಿದ್ದು ಗಾಡ್ಲಿಯ ಹಟ, ಕ್ರೀಮ್‌ನ ಉಪಾಯ, ಕ್ಯಾಥಿಯ ಪಿಸುದನಿ ಸೇರಿದ ಮೇಲೆ. ಕಾನೂನಿನ ಲೆಕ್ಕದಲ್ಲಿ ತಮ್ಮ ಸರಿ. ಮಾತು, ಧಾಟಿ ಇವೆರಡಕ್ಕೆ ಹಕ್ಕು ಸಲ್ಲುತ್ತದೆ. ಟೇಪನ್ನು ಮೈಕ್ ಸ್ಟ್ಯಾಂಡಿಗೆ ಸುತ್ತಿದ್ದಕ್ಕೆ ಸಲ್ಲುವುದಿಲ್ಲ. ನಾನು ಇಷ್ಟು ಬಿಸಿಯಾಗಲು ಸ್ವಂತ ಕಾರಣವೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ಪುಸ್ತಕದ ಕೊನೆಯಲ್ಲಿ ಲೇಖಕರ ಹೆಸರು ಬರುತ್ತದೆ, ಓದಿದವರ ಹೆಸರು ಬರುತ್ತದೆ. ಆ ಹೆಸರುಗಳನ್ನು ಓದುವಾಗಿನ ಉಸಿರನ್ನು ತೆಗೆಯುವವಳು ನಾನು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಮಾರ್ಚ್ 1975ರಲ್ಲಿ 'ದಿ ಒರಿಜಿನಲ್ ಸೌಂಡ್‌ಟ್ರ್ಯಾಕ್' ಆಲ್ಬಮ್ ಬಂತು. ಆರು ನಿಮಿಷದ ಈ ಹಾಡನ್ನು ಬಿಟ್ಟು ಬೇರೊಂದನ್ನು ಮೊದಲು ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡ್, ಮಾಡಿದರು. ಮೇ ತಿಂಗಳಲ್ಲಿ ಇದು ಹೊರಬಂದು, ಜೂನ್ ಕೊನೆಗೆ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ ಎರಡು ವಾರ ಅಲ್ಲೇ ಕುಳಿತಿತು. ಅಮೆರಿಕದಲ್ಲಿ ಸತತ ಮೂರು ವಾರ ಎರಡನೆಯ ಸ್ಥಾನ. ತಮಾಷೆಯೆಂದರೆ ಆ ಮೂರು ವಾರವೂ ಮೇಲೆ ಇದ್ದ ಹಾಡು ಬೇರೆ ಬೇರೆ.

ಮರುವರ್ಷವೇ ಗಾಡ್ಲಿ ಮತ್ತು ಕ್ರೀಮ್ ತಂಡ ಬಿಟ್ಟರು. ಸ್ಟೂವರ್ಟ್, ಗೋಲ್ಡ್‌ಮನ್ ಅದೇ ಹೆಸರಿನಲ್ಲಿ ಮುಂದುವರಿದು ಇನ್ನಷ್ಟು ಜನಪ್ರಿಯ ಹಾಡು ಮಾಡಿದರು. ಅವು ಸಿಹಿಯಾಗಿವೆ, ಚೊಕ್ಕವಾಗಿವೆ, ಆದರೆ ಬೇಡ ಎನ್ನುವವರು ಕೋಣೆಯಲ್ಲಿ ಇಲ್ಲದಿರುವುದು ನನಗೆ ಕೇಳಿಸುತ್ತದೆ. ಹೊರಗೆ ಹೋದ ಇಬ್ಬರು ವಿಡಿಯೊ ನಿರ್ದೇಶಕರಾದರು. 1985ರ ತಮ್ಮದೇ 'ಕ್ರೈ' ಹಾಡಿನ ವಿಡಿಯೊದಲ್ಲಿ ಒಂದು ಮುಖ ಕರಗುತ್ತಾ ಇನ್ನೊಂದು ಮುಖವಾಗುತ್ತಾ ಹೋಗುತ್ತದೆ. ಹತ್ತು ವರ್ಷದ ಹಿಂದೆ ಫೇಡರಿನಲ್ಲಿ ಸ್ವರಗಳಿಗೆ ಮಾಡಿದ್ದನ್ನೇ ಮುಖಗಳಿಗೆ ಮಾಡಿದರು. ಅದಕ್ಕೂ ಮೊದಲು, 1983ರಲ್ಲಿ, 'ದಿ ಪೊಲೀಸ್' ಎಂಬ ಸಂಗೀತ ತಂಡದ ಒಂದು ಹಾಡಿಗೆ ಅವರೇ ವಿಡಿಯೊ ಮಾಡಿದ್ದರು. ಹಾಡಿನ ಹೆಸರು 'ಎವ್ರಿ ಬ್ರೆತ್ ಯು ಟೇಕ್', ನೀನು ಎಳೆಯುವ ಒಂದೊಂದು ಉಸಿರೂ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ.

ಕಳೆದ ತಿಂಗಳು ತಮ್ಮ ಮನೆಗೆ ಬಂದಾಗ, ಒಂದೇ ಒಂದು ಸ್ವರವನ್ನಾದರೂ ಹಾಗೆ ಕಟ್ಟಿ ನೋಡೋಣ ಎಂದು ಕುಳಿತೆವು. ಇಬ್ಬರ ಗಂಟಲಿಗೂ ಎಟಕುವ ಒಂದು ಎ ಸ್ವರ ಆರಿಸಿಕೊಂಡೆವು. ಮೂವರಿಲ್ಲದ್ದರಿಂದ ತಲಾ ಇಪ್ಪತ್ತನಾಲ್ಕು ಸಲ. ಮೊದಲ ನಾಲ್ಕೈದು ಸಲ ಮಜವಾಗಿತ್ತು. ಎಂಟನೆಯದಕ್ಕೆ ನನ್ನ 'ಆ' ನಿಧಾನವಾಗಿ 'ಓ' ಕಡೆಗೆ ವಾಲುತ್ತಿತ್ತು.

"ಅಕ್ಕ, ಗಮಕ ಹಾಕಬೇಡ, ನೆಟ್ಟಗೆ ನಿಲ್ಲಿಸು."

"ನಾನೆಲ್ಲಿ ಹಾಕಿದೆ?"

"ಕೇಳಿಸುತ್ತೇನೆ ಇರು."

ಕೇಳಿಸಿದ. ಹಾಕಿದ್ದೆ. ವರ್ಣದವರೆಗೆ ಕಲಿತ ಕಂಠ, ಬಿಟ್ಟು ಮೂವತ್ತು ವರ್ಷವಾದರೂ, ಒಂದು ಸ್ವರದ ಮೇಲೆ ಸುಮ್ಮನೆ ನಿಲ್ಲಲು ಒಪ್ಪುವುದಿಲ್ಲ. ಮತ್ತೆ ಮೊದಲಿನಿಂದ. ಹದಿನೈದರ ಹೊತ್ತಿಗೆ ಇಬ್ಬರಿಗೂ ಸಿಟ್ಟು ಬಂದಿತ್ತು, ಇಪ್ಪತ್ತರ ಹೊತ್ತಿಗೆ ಕಾರಣವಿಲ್ಲದೆ ನಗು. ಮೂರು ವಾರ ಇದನ್ನೇ ಮಾಡಿದ ಆ ಮೂವರು ಒಬ್ಬರನ್ನೊಬ್ಬರು ಕೊಲ್ಲದೆ ಉಳಿದದ್ದೇ ಸೋಜಿಗ.

ನಲವತ್ತೆಂಟನ್ನೂ ಒಂದರ ಮೇಲೊಂದು ಜೋಡಿಸಿ, ಶುರುವಿನ ಉಸಿರು, ಕೊನೆಯ ಇಳಿತ ಎಲ್ಲ ಕತ್ತರಿಸಿ, ನಡುವಿನ ಒಂಬತ್ತು ಸೆಕೆಂಡು ಉಳಿಸಿಕೊಂಡು ತಲೆಗೆ ಬಾಲ ಸೇರಿಸಿದೆ. ಓಡಿಸಿದೆವು. ಒಂದು ಗಳಿಗೆ ಇಬ್ಬರೂ ಮಾತನಾಡಲಿಲ್ಲ. ನಮ್ಮಿಬ್ಬರ ದನಿಯಲ್ಲದ, ಆದರೆ ನಮ್ಮಿಬ್ಬರದೇ ಆದ ಒಂದು ಗುಂಪು ಕೋಣೆಯಲ್ಲಿ ನಿಂತಿತ್ತು. ಒಂಬತ್ತನೆಯ ಸೆಕೆಂಡಿಗೆ ಸರಿಯಾಗಿ 'ಟಿಕ್'. ಹನ್ನೊಂದು ವರ್ಷದ ಅನುಭವವನ್ನೆಲ್ಲ ಸುರಿದು ಬೆಸೆದರೂ ಟಿಕ್ ಹೋಗಲಿಲ್ಲ. ಟಿಕ್ ಹೋದರೆ ಅಲ್ಲಿ ಸ್ವರ ಕುಗ್ಗುತ್ತಿತ್ತು. ಕೊನೆಗೆ ತಮ್ಮ ಮೇಜಿನ ಮೇಲೆ ಮುಷ್ಟಿಯಿಂದ ಮೆತ್ತಗೆ ಧುಬ್ ಧುಬ್ ಎಂದು ಬಡಿಯತೊಡಗಿದ. ಅಷ್ಟೇ, ಟಿಕ್ ಎಲ್ಲಿ ಹೋಯಿತೋ ಹುಡುಕಿದರೂ ಸಿಗಲಿಲ್ಲ.

ಒಂದು ಸ್ವರಕ್ಕೆ ಸಂಜೆ ಆರರಿಂದ ರಾತ್ರಿ ಹನ್ನೆರಡೂವರೆಯವರೆಗೆ ಹಿಡಿಯಿತು. ಇನ್ನು ಹನ್ನೊಂದು ಬಾಕಿ ಇವೆ. ಮುಂದಿನ ಭಾನುವಾರ ಬರುತ್ತೇನೆ ಎಂದು ತಮ್ಮ ಸಂದೇಶ ಕಳಿಸಿದ್ದಾನೆ. ಫೋನಿನಲ್ಲಿ ಹೇಳಲಾಗುತ್ತಿರಲಿಲ್ಲ, ಅವನ ಗಂಟಲು ಇನ್ನೂ ಕಟ್ಟಿಕೊಂಡಿದೆ.